ಕಣ್ಣು ಬಿಟ್ಟ ಮೊಟ್ಟೆಗಳು

ರೇಷ್ಮೆಯ ಮೊಟ್ಟೆ ಒಡೆಯುವ ಮೊದಲು ಕಣ್ಣು ಬಿಡುತ್ತದೆ. ಹಿಂದೂಪುರದ ಕಡೆ ಹುಳ ಸಾಕುವವರೆಲ್ಲ ಹೀಗೇ ಹೇಳುವುದು. ಸಾಸಿವೆಗಿಂತ ಸಣ್ಣದಾದ ತಿಳಿಹಳದಿ ಮೊಟ್ಟೆಯ ಒಂದು ಮಗ್ಗುಲಲ್ಲಿ ಸೂಜಿಯ ಮೊನೆಯಷ್ಟು ಕಪ್ಪು ಮೂಡುತ್ತದೆ. ಅದು ನಿಜವಾಗಿ ಕಣ್ಣಲ್ಲ, ಒಳಗಿರುವ ಮರಿಯ ತಲೆ. ಆಮೇಲೆ ಮೊಟ್ಟೆ ಪೂರ್ತಿ ನೀಲಿ ತಿರುಗುತ್ತದೆ. ನೀಲಿ ತಿರುಗಿದ ಮರುದಿನ ಬೆಳಕು ಹರಿಯುವ ಹೊತ್ತಿಗೆ ಮರಿಗಳು ಕೂದಲೆಳೆಯ ಚೂರುಗಳಂತೆ ಹೊರಗೆ ಬಂದು ಹರಿದಾಡುತ್ತವೆ.

ಬನಶಂಕರಿ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದಳು. ಮಗ್ಗದ ಮನೆಯ ಹುಡುಗಿ. ಅಪ್ಪನ ಗುಂಡಿಮಗ್ಗದ ಪಕ್ಕ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಲೇ ದೊಡ್ಡವಳಾದಳು. ಮದುವೆಗೆ ಮುಂಚೆಯೇ ಕೋಠಿಗೆ ಕೂಲಿಗೆ ಸೇರಿ, ಆಮೇಲೆ ಕಾಯಂ ಆದಳು. ಗಂಡು ಚಿಟ್ಟೆಯನ್ನು ಹೆಣ್ಣಿನ ಜೊತೆ ಬಿಡುವುದು, ಹೊತ್ತು ನೋಡಿ ಬಿಡಿಸುವುದು, ಹೆಣ್ಣನ್ನು ಕಾಗದದ ಹಾಳೆಯ ಮೇಲಿಟ್ಟು ತಗಡಿನ ಬಟ್ಟಲು ಕವುಚುವುದು, ಬೆಳಗಾದ ಮೇಲೆ ಬಟ್ಟಲೆತ್ತಿ ಬಿಲ್ಲೆಯ ಹಾಗೆ ಗುಂಡಗೆ ಅಂಟಿದ ಮೊಟ್ಟೆಗಳನ್ನು ನೋಡುವುದು ಅವಳ ಕೆಲಸ. ಬಾಯಿಯೇ ಇಲ್ಲದಂತೆ ಹುಟ್ಟಿ, ಏನನ್ನೂ ತಿನ್ನದೆ, ಕೂಡಿ ಮೊಟ್ಟೆಯಿಟ್ಟು ಸಾಯುವ ಈ ಜೀವಿಗಳ ಬಗ್ಗೆ ಅವಳಿಗೆ ಅಸಹ್ಯವೂ ಇರಲಿಲ್ಲ, ಮರುಕವೂ ಇರಲಿಲ್ಲ. ಅದು ಕೆಲಸ.

ಆದರೆ ಮೊಟ್ಟೆ ಕಣ್ಣು ಬಿಡುವ ದಿನ ಮಾತ್ರ ಹಾಳೆ ತೂಗುಹಾಕಿದ ಕೋಣೆಗೆ ಅವಳು ಹೋಗುತ್ತಿರಲಿಲ್ಲ. ಜೊತೆ ಕೆಲಸದ ಪೋಲಮ್ಮನನ್ನು ಕಳಿಸುತ್ತಿದ್ದಳು. ಇದಕ್ಕೆ ಕಾರಣ ಅವಳ ಮೂರನೆಯ ಬಸುರು.

ಮೊದಲಿನ ಎರಡು ಬಸುರೂ ತಿಂಗಳು ತುಂಬದೆ ಹೋದವು. ಮೂರನೆಯದು ನವಮಾಸ ತುಂಬಿ ಮನೆಯಲ್ಲೇ ಹುಟ್ಟಿತು. ಗಂಡು. ಅತ್ತೆ ರಾಮಕ್ಕನೇ ಕೈಯಲ್ಲಿ ಹಿಡಿದಳು. ಕೂಸು ಕಣ್ಣು ಬಿಟ್ಟಿತು. ಕರ್ರಗೆ, ಎರಡೂ ಕಣ್ಣು. ಸೂರಿನ ಕಡೆ ನೋಡಿತು, ಆಮೇಲೆ ರಾಮಕ್ಕನ ಮುಖ ನೋಡಿತು. ಅಳಲಿಲ್ಲ. ಬೆನ್ನು ತಟ್ಟಿದರು, ಪಾದಕ್ಕೆ ತಣ್ಣೀರು ಎರಚಿದರು, ತಲೆಕೆಳಗೆ ಹಿಡಿದರು. ಅದು ನೋಡುತ್ತಲೇ ಇತ್ತು. ನೋಡುತ್ತಿರುವಾಗಲೇ ಇಲ್ಲವಾಯಿತು. ಯಾವ ಗಳಿಗೆಯಲ್ಲಿ ಎಂದು ಇಬ್ಬರು ಹೆಂಗಸರಿಗೂ ತಿಳಿಯಲಿಲ್ಲ, ಏಕೆಂದರೆ ಕಣ್ಣು ಮುಚ್ಚಲೇ ಇಲ್ಲ. ರಾಮಕ್ಕ ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಬನಶಂಕರಿಯ ಗಂಡ ಕೇಶವಯ್ಯನೂ ಮಗ್ಗದ ಮನೆಯವನೇ. ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂರುವುದು ಅವನಿಗೆ ಹಿಡಿಸಲಿಲ್ಲ. ಕಲ್ಯಾಣದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಿಷನ್ನು ನಡೆಸುವ ಕೆಲಸ ಹಿಡಿದಿದ್ದ. ವಾರವೆಲ್ಲ ಅಲ್ಲೇ ಇದ್ದು, ಶನಿವಾರದ ಬಸ್ಸಿಗೆ ಪೆನುಕೊಂಡದ ಮೇಲೆ ಊರಿಗೆ ಬರುತ್ತಿದ್ದ. ಅದು ಮೂಳೆಯ ಚಿತ್ರ ತೆಗೆಯುವ ಮಿಷನ್ನಲ್ಲ. ಚರ್ಮದ ಮೇಲಿನ ಗಡ್ಡೆ ಸುಡುವುದಕ್ಕೆಂದು ಯಾವುದೋ ಕಾಲದಲ್ಲಿ ತರಿಸಿದ ಹಳೆಯ ಯಂತ್ರ. ತೊಟ್ಟುಕೊಳ್ಳಲು ಸೀಸದ ನಿಲುವಂಗಿ ಒಂದಿತ್ತು. ಕಲ್ಯಾಣದುರ್ಗದ ಸೆಕೆಯಲ್ಲಿ ಆ ಭಾರ ಹೊರುವವರು ಯಾರು? ಅದು ಗೋಡೆಯ ಮೊಳೆಗೆ ನೇತುಬಿದ್ದು, ತಲೆಯಿಲ್ಲದ ಮನುಷ್ಯ ನಿಂತ ಹಾಗೆ ಇರುತ್ತಿತ್ತು. ಅಲುಗಾಡುವ ರೋಗಿಗಳನ್ನು ಕೇಶವಯ್ಯನೇ ಕೈಯಿಂದ ಹಿಡಿದು ನಿಲ್ಲುತ್ತಿದ್ದ.

ಶನಿವಾರ ಅವನು ಅಂಗಿ ಬಿಚ್ಚಿದಾಗ ಒಂದು ವಾಸನೆ ಬರುತ್ತಿತ್ತು. ಮಿಂಚು ಹೊಡೆದ ಮೇಲಿನ ಗಾಳಿಯ ಹಾಗೆ, ಚೂಪಾಗಿ, ತಣ್ಣಗೆ. "ಮಿಷನ್ನು ಗುಂಯ್ ಅಂದಾಗ ಹಿಂಗೇ ವಾಸನೆ ಬತ್ತದೆ ಕಣೆ. ನಾಲಗೆ ಮ್ಯಾಲೆ ಕಬ್ಬಿಣ ಇಟ್ಟಂಗಾಯ್ತದೆ," ಎಂದು ಅವನು ಹೆಮ್ಮೆಯಿಂದ ಹೇಳುತ್ತಿದ್ದ. ಅಂಗಿಯನ್ನು ಒಗೆದರೂ ಆ ವಾಸನೆ ಹೋಗುವುದಿಲ್ಲವೆಂದು ಬನಶಂಕರಿಗೆ ಅನ್ನಿಸುತ್ತಿತ್ತು.

ಆ ಮಿಷನ್ನಿನ ಮೇಲೆ ಯಾರೂ ಅನುಮಾನಪಡುವಂತಿರಲಿಲ್ಲ. ಅದಕ್ಕೆ ಓಬಣ್ಣನೇ ಸಾಕ್ಷಿ. ಸೆಟ್ಟೂರಿನ ಒಕ್ಕಲು ಮನೆಯ ಓಬಣ್ಣ ಕೇಶವಯ್ಯನಿಗಿಂತ ಮುಂಚಿನಿಂದಲೇ ಅದೇ ಕೋಣೆಯಲ್ಲಿ, ಅದೇ ಮಿಷನ್ನಿನ ಮುಂದೆ, ಅದೇ ರೀತಿ ನಿಲುವಂಗಿಯಿಲ್ಲದೆ ನಿಂತವನು. ಅವನಿಗೆ ಮನೆ ತುಂಬ ಮಕ್ಕಳು. ಒಂದಕ್ಕೂ ನೆಗಡಿ ಸಹ ಹತ್ತಿರ ಸುಳಿಯುತ್ತಿರಲಿಲ್ಲ.

"ಮಿಷನ್ನಿಗೆ ನಾನೇ ಮೊದಲ ಗಂಡ, ನಿನ್ನ ಯಜಮಾನ ಎರಡನೆಯವನು ಕಣಮ್ಮ," ಎಂದು ಒಮ್ಮೆ ಹಿಂದೂಪುರಕ್ಕೆ ಬಂದಿದ್ದಾಗ ಓಬಣ್ಣ ನಕ್ಕಿದ್ದ. "ನನಗೆ ವರ್ಷಕ್ಕೊಂದು ಕೂಸು ಕೊಡ್ತದೆ. ಇವನ ಮ್ಯಾಲೆ ಅದ್ಯಾಕೋ ಮುನಿಸು."

ಹೀಗಾಗಿ ತಪ್ಪು ಯಾರ ಕಡೆಯದು ಎಂಬುದು ತೀರ್ಮಾನವಾಗಿಹೋಗಿತ್ತು. ಎಂಬತ್ತಮೂರನೆಯ ಇಸವಿಯ ಸಂಕ್ರಾಂತಿ ಮುಗಿದ ಮೇಲೆ ರಾಮಕ್ಕ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು:

"ನಿಂದು ಹಿಡ್ಕಳ್ಳೋ ಒಡಲಲ್ಲ ಕಣಮ್ಮ. ನಿನ್ನ ಬೈತಾ ಇಲ್ಲ. ನನ್ನ ಮಗನಿಗೇನಾಗ್ಯದೆ, ಕೋಣ ಇದ್ದಂಗವ್ನೆ. ಹೊರಗಿನೋಳ್ನ ತರಾದು ಬ್ಯಾಡ. ನಿನ್ನ ತಂಗೀನೇ ತರೋವ. ನಿಂಗೂ ಮರ್ಯಾದೆ, ಅವಳಿಗೂ ಅಕ್ಕನ ನೆರಳು. ಏಮಂಟಾವು, ಏನಂತೀಯ?"

ಬನಶಂಕರಿ "ಹೂಂ" ಎಂದಳು. ಬೇರೆ ಯಾರೋ ಬಂದು ತನ್ನನ್ನು ಹಿತ್ತಲಿಗೆ ತಳ್ಳುವುದಕ್ಕಿಂತ ತಂಗಿ ಸರಸ್ವತಿ ಬರುವುದು ಮೇಲು ಎಂದು ಅವಳ ಲೆಕ್ಕ. ದೊಡ್ಡ ಮಗಳೇ ಒಪ್ಪಿದ್ದಾಳೆಂದರೆ ತನಗೂ ಒಪ್ಪಿಗೆ ಎಂದು ಅಪ್ಪ ಹೇಳಿ ಕಳಿಸಿದ. ಸರಸ್ವತಿಯನ್ನು ಯಾರೂ ಕೇಳಲಿಲ್ಲ. ಹತ್ತೊಂಬತ್ತು ವರ್ಷದ ಆ ಹುಡುಗಿ ಅಕ್ಕನ ಮನೆಗೆ ಬಂದಾಗಲೆಲ್ಲ ಭಾವನ ಎದುರು ನಿಲ್ಲದೆ ಅಡುಗೆಮನೆಗೆ ಸೇರಿಕೊಳ್ಳತೊಡಗಿದಳು. ಯುಗಾದಿ ಕಳೆದ ಮೇಲೆ ಮದುವೆ ಎಂದಾಯಿತು.

ಅದೇ ದಿನಗಳಲ್ಲಿ ಕೋಠಿಗೆ ವರಲಕ್ಷ್ಮಮ್ಮ ಎಂಬ ಅಧಿಕಾರಿ ಬಂದರು. ಹುಳದ ತಳಿಶಾಸ್ತ್ರ ಓದಿಕೊಂಡವರು. ಎಕ್ಸ್‌ರೇ ಬಿಟ್ಟರೆ ಗಂಡು ಹುಳದ ಬೀಜಕ್ಕೆ ಏನಾಗುತ್ತದೆ, ಎಲ್ಲ ತಳಿಗೂ ಒಂದೇ ಥರ ಪೆಟ್ಟು ಬೀಳುತ್ತದೆಯೇ ಎಂದು ನೋಡುವುದು ಅವರ ಕೆಲಸ. ಕೋಠಿಯಲ್ಲಿ ಎರಡು ತಳಿಯ ಗೂಡುಗಳಿದ್ದವು. ಒಂದು ನಮ್ಮ ಸೀಮೆಯ ಹಳೆಯ ಮೈಸೂರು ತಳಿ, ಹಸಿರು ಬೆರೆತ ಹಳದಿ ಗೂಡು ಕಟ್ಟುವಂಥದು. ಇನ್ನೊಂದು ಹೊಸದಾಗಿ ಬಂದ ಬಿಳಿಗೂಡಿನ ತಳಿ; ದಾರ ಹೆಚ್ಚು, ಮೈ ನಾಜೂಕು. ಮೈಸೂರು ಹೆಣ್ಣಿಗೆ ಬಿಳಿ ತಳಿಯ ಗಂಡು ಕೂಡಿಸಿ ಬಂದ ಮೊಟ್ಟೆಯನ್ನೇ ರೈತರಿಗೆ ಕೊಡುವುದು.

ಹಿಂದೂಪುರದಲ್ಲಿ ಹುಳಕ್ಕೆ ಮಿಷನ್ನು ಕೊಡುವವರಿರಲಿಲ್ಲ. ಬನಶಂಕರಿಯೇ ಕಲ್ಯಾಣದುರ್ಗದ ವಿಷಯ ಹೇಳಿದಳು. ವರಲಕ್ಷ್ಮಮ್ಮ ಅಲ್ಲಿನ ಡಾಕ್ಟರಿಗೆ ಹೇಳಿ ಏರ್ಪಾಡು ಮಾಡಿಕೊಂಡರು. ಗೂಡು ಕತ್ತರಿಸಿ ತೆಗೆದ, ಇನ್ನೂ ಚಿಟ್ಟೆಯಾಗದ ಗಂಡು ಕೋಶಗಳನ್ನು, ಎರಡೂ ತಳಿಯವನ್ನು, ಹೊಟ್ಟು ಹರಡಿದ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ಕೇಶವಯ್ಯನ ಕೈಗೆ ಕೊಟ್ಟರು. ಅವನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದ. ಓಬಣ್ಣನೂ ಅವನೂ ಎಲ್ಲವನ್ನೂ ಒಟ್ಟಿಗೆ, ಒಂದೇ ಹೊತ್ತು, ಮಿಷನ್ನಿನ ಕೆಳಗೆ ಇಟ್ಟರು. ಮತ್ತೆ ಬಸ್ಸಿನಲ್ಲಿ ತಂದ.

ಕೋಠಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬನಶಂಕರಿಗೆ ಮೊದಲು ತಿಳಿದದ್ದು ಆ ವಾಸನೆ. ತನ್ನ ಹಾಸಿಗೆಯ ವಾಸನೆ.

"ಏನಾದ್ರೂ ವಾಸನೆ ಬತ್ತದಾ ಪೋಲಮ್ಮಕ್ಕ?"

"ಹೊಟ್ಟಿನ ವಾಸನೆ. ಇನ್ನೇನು ಮಲ್ಲಿಗೆ ವಾಸನೆ ಬತ್ತದಾ?" ಎಂದಳು ಪೋಲಮ್ಮ.

ಕೋಶಗಳಿಂದ ಚಿಟ್ಟೆಗಳು ಬಂದವು. ಎರಡು ತಳಿಯ ಗಂಡುಗಳೂ ನೋಡುವುದಕ್ಕೆ ಚೆನ್ನಾಗಿಯೇ ಇದ್ದವು. ರೆಕ್ಕೆ ಬಡಿದವು, ಹೆಣ್ಣನ್ನು ಹುಡುಕಿಕೊಂಡು ಹೋದವು. ಅವನ್ನು ಎಕ್ಸ್‌ರೇ ಸೋಕದ ಮೈಸೂರು ಹೆಣ್ಣುಗಳ ಜೊತೆ ಕೂಡಿಸಿದರು. ಬಿಡಿಸಿದ ಮೇಲೆ ಈ ಗಂಡುಗಳನ್ನೆಲ್ಲ ಸುಟ್ಟುಬಿಡಬೇಕೆಂದು ವರಲಕ್ಷ್ಮಮ್ಮ ಹೇಳಿದರು. ಪೋಲಮ್ಮ ತಲೆಯಾಡಿಸಿದಳು.

ಕಣ್ಣು ಬಿಡುವ ದಿನ ಬಂತು. ಆವತ್ತು ವರಲಕ್ಷ್ಮಮ್ಮ ಬನಶಂಕರಿಯನ್ನೇ ಕರೆದರು, ತಪ್ಪಿಸಿಕೊಳ್ಳಲಾಗಲಿಲ್ಲ. ಹಾಳೆಗಳು ದಾರಕ್ಕೆ ಸಾಲಾಗಿ ತೂಗುತ್ತಿದ್ದವು. ಎಲ್ಲದರ ಮೇಲೂ ಕಪ್ಪು ಚುಕ್ಕೆ. ಅವಳು ನೆಲ ನೋಡಿಕೊಂಡು ಹಾಳೆಗಳನ್ನು ಇಳಿಸಿಕೊಟ್ಟಳು.

ಒಡೆಯುವ ಬೆಳಗ್ಗೆ ಮೈಸೂರು ಗಂಡಿನ ಹಾಳೆಗಳು ಕಪ್ಪಗೆ ಹರಿದಾಡಿದವು. ಬಿಳಿ ಗಂಡಿನ ಹಾಳೆಗಳಲ್ಲಿ ಅಲ್ಲೊಂದು ಇಲ್ಲೊಂದು ಮರಿ ಬಂತು, ಉಳಿದವು ಇದ್ದ ಹಾಗೇ ಇದ್ದವು. ಮರುದಿನವೂ ಹಾಗೇ. ಅದರ ಮರುದಿನವೂ. ಹಾಳಾದ ಮೊಟ್ಟೆ ಸಾಮಾನ್ಯವಾಗಿ ಹಳದಿಯಾಗಿಯೇ ಇದ್ದು ಸೊಟ್ಟಗಾಗುತ್ತದೆ, ಇವು ಸೊಟ್ಟಗಾಗಲಿಲ್ಲ. ಬಿಲ್ಲೆ ಬಿಲ್ಲೆಯಾಗಿ, ನೀಲಿಯ ಒಳಗಿಂದ, ಕಣ್ಣು ಬಿಟ್ಟುಕೊಂಡು ಇದ್ದವು. ಕಿಟಕಿಯ ಗಾಳಿಗೆ ಹಾಳೆ ತಿರುಗಿದರೆ ಅವೂ ತಿರುಗಿ ಇತ್ತ ನೋಡುತ್ತಿದ್ದವು.

ವರಲಕ್ಷ್ಮಮ್ಮನಿಗೆ ಸಂತೋಷವಾಗಿತ್ತು. "ಒಂದೇ ಮಿಷನ್ನು, ಒಂದೇ ಹೊತ್ತು. ಒಂದು ತಳಿ ತಡ್ಕೊಂಡಿತು, ಇನ್ನೊಂದು ತಡೀಲಿಲ್ಲ. ಪೆಟ್ಟು ಬಿದ್ದದ್ದು ಗಂಡಿನ ಬೀಜಕ್ಕೆ. ಹೆಣ್ಣಿಗೆ ಏನೂ ಆಗಿರಲಿಲ್ಲ, ನೋಡಮ್ಮ. ಪೆಟ್ಟು ಎಷ್ಟು ಅನ್ನೋದನ್ನ ಮಿಷನ್ನೊಂದೇ ಹೇಳೋದಿಲ್ಲ, ವಂಶವೂ ಹೇಳತ್ತೆ."

ಬನಶಂಕರಿ ಕೇಳಿಸಿಕೊಂಡಳು. ಹುಳದ ಮಾತು ಎಂದು ಅಷ್ಟಕ್ಕೇ ಬಿಟ್ಟಳು. ಬಿಡಲು ಆಗದ ಹಾಗೆ ಮಾಡಿದ್ದು ಪೋಲಮ್ಮ.

ಬಿತ್ತನೆ ಕೋಠಿಗಳಲ್ಲಿ ಒಂದು ರೂಢಿಯಿದೆ. ಬಿಳಿ ತಳಿಯ ಗಂಡುಗಳು ಯಾವಾಗಲೂ ಕಡಿಮೆ. ಆದ್ದರಿಂದ ಒಂದು ಹೆಣ್ಣಿನಿಂದ ಬಿಡಿಸಿದ ಗಂಡನ್ನು ತಂಪು ಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ಇನ್ನೊಂದು ಹೆಣ್ಣಿಗೆ ಬಿಡುತ್ತಾರೆ. ಪೋಲಮ್ಮನ ಕೈಗೆ ಆ ರೂಢಿ ಹತ್ತಿಹೋಗಿತ್ತು. ಕೈಕಾಲು ಆಡಿಸುತ್ತಿರುವ ಒಳ್ಳೆಯ ಗಂಡುಗಳನ್ನು ಬೆಂಕಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಬಿಳಿಯವನ್ನು ಆರಿಸಿ ತಂಪು ಪೆಟ್ಟಿಗೆಯಲ್ಲಿಟ್ಟಳು. ಮಾರನೆಯ ದಿನ ಅವು ರೈತರ ಮೊಟ್ಟೆಗೆಂದು ಇಟ್ಟಿದ್ದ ಹೊಸ ಹೆಣ್ಣುಗಳ ಜೊತೆ ಹೋದವು.

ಚಿಲಮತ್ತೂರಿನ ಹುಳ ಸಾಕುವ ಎರ್ರಪ್ಪ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ. ಕೂಗಾಡಲಿಲ್ಲ. ಮೇಜಿನ ಮೇಲೆ ಹಾಳೆ ಬಿಚ್ಚಿಟ್ಟು ದೂರ ಸರಿದು ನಿಂತ.

"ಇದನ್ನ ತಗಂಡ್ಬುಡಿ ತಾಯಿ. ನಾನೇನು ಕೇಳಾಕ್ ಬಂದಿಲ್ಲ. ಸೊಪ್ಪು ಕೊಯ್ದು ಕಾಯ್ತಾ ಕುಂತಿದ್ದೆ. ಬರೋಹಂಗೂ ಇಲ್ಲ, ಸಾಯೋಹಂಗೂ ಇಲ್ಲ, ಸುಮ್ನೆ ನೋಡ್ತಾ ಅವೆ. ನನ್ನ ಹೆಂಡ್ರು ಆ ಕೋಣೆಗೆ ಕಾಲಿಡಾಕಿಲ್ಲ ಅಂತಾಳೆ."

ಪೋಲಮ್ಮ ಅಳುತ್ತ ಒಪ್ಪಿಕೊಂಡಳು: "ಗಂಡೇನು ಸವೀತದಾ ಮೇಡಮ್ಮೋರೆ? ಒಂದಕ್ಕೆ ಬಿಟ್ಟಿದ್ದನ್ನ ಇನ್ನೊಂದಕ್ಕೆ ಬಿಟ್ಟೆ. ಹೊಸಾ ಹೆಣ್ಣು ಕದಾ, ಸರಿಹೋಯ್ತದೆ ಅಂದ್ಕಂಡೆ."

ಬನಶಂಕರಿ ಹಾಳೆಯ ಹತ್ತಿರ ಹೋದಳು. ಈ ಸಲ ನೆಲ ನೋಡಲಿಲ್ಲ. ಹೆಣ್ಣು ಬೇರೆ, ಕೋಣೆ ಬೇರೆ, ಊರು ಬೇರೆ. ನೋಟ ಮಾತ್ರ ಅದೇ. ಹೊಸ ಹೆಣ್ಣು, ಸರಿಹೋಗುತ್ತದೆ. ಈ ಮಾತನ್ನು ಅವಳು ಸಂಕ್ರಾಂತಿ ಮುಗಿದಾಗಿನಿಂದ ಮನೆಯಲ್ಲಿ ಕೇಳುತ್ತಿದ್ದಳು. ಅದಕ್ಕೆ "ಹೂಂ" ಎಂದವಳು ಅವಳೇ. ಸರಸ್ವತಿಯ ಮುಖ ನೆನಪಾಯಿತು.

ಎರ್ರಪ್ಪ ಹೋದ ಮೇಲೆ ಅವಳು ವರಲಕ್ಷ್ಮಮ್ಮನನ್ನು ನೇರವಾಗಿ ಕೇಳಿದಳು: "ಮನುಷ್ಯರಿಗೂ ಹಿಂಗೇನಾ ಮೇಡಮ್?"

ಆಕೆ ಸಮಾಧಾನ ಹೇಳುವ ಪೈಕಿಯವರಲ್ಲ. ಯಾರು, ಏನು ಎಂದು ವಿಚಾರಿಸಿ, ಪೂರ್ತಿ ಕೇಳಿ, ಕನ್ನಡಕ ತೆಗೆದಿಟ್ಟು ಹೇಳಿದರು: "ಹುಳಕ್ಕಾದದ್ದು ಮನುಷ್ಯರಿಗೂ ಆಯಿತು ಅಂತ ಹೇಳೋದಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ನಿನ್ನ ಮಕ್ಕಳು ಹೋದದ್ದಕ್ಕೆ ನೂರು ಕಾರಣ ಇರಬಹುದು. ಆದರೆ ಓಬಣ್ಣನಿಗೆ ಏನೂ ಆಗಲಿಲ್ಲ, ಆದ್ದರಿಂದ ನಿನ್ನ ಗಂಡನಿಗೂ ಆಗಿಲ್ಲ ಅಂತಾರಲ್ಲ, ಆ ಮಾತು ನಿಲ್ಲೋದಿಲ್ಲ. ಅದನ್ನ ಈ ಹಾಳೆ ಹೇಳತ್ತೆ. ಅಷ್ಟೇ ಹೇಳತ್ತೆ." ಮತ್ತೆ ಸೇರಿಸಿದರು: "ಓಬಣ್ಣನೂ ಬೀಗೋದು ಬೇಡ. ಒಡೆದು ಬಂದ ಮರಿಯೆಲ್ಲ ಪೆಟ್ಟು ತಪ್ಪಿಸಿಕೊಂಡಿದ್ದಲ್ಲ. ಕೆಲವು ಒಳಗೆ ಬಚ್ಚಿಟ್ಟುಕೊಂಡು ಬಂದಿರ್ತವೆ. ಅವುಗಳ ಮರಿಯಲ್ಲೋ, ಮರಿಯ ಮರಿಯಲ್ಲೋ ಕಾಣತ್ತೆ."

ಶನಿವಾರ ಬನಶಂಕರಿ ಎರ್ರಪ್ಪನ ಹಾಳೆಗಳಲ್ಲಿ ಒಂದನ್ನು ಕೇಳಿ ಮನೆಗೆ ತಂದಳು. ಕೇಶವಯ್ಯ ಬಂದು ಅಂಗಿ ಬಿಚ್ಚಿದ. ವಾಸನೆ ಬಂತು. ಅವಳು ಹಾಳೆಯನ್ನು ಅವನ ಮುಂದೆ ಚಾಪೆಯ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ರಾಮಕ್ಕ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅಂದ್ರೆ ನಾನು ಗಂಡಸಲ್ಲ ಅಂತೀಯೇನೆ?" ಎಂದ ಕೇಶವಯ್ಯ.

"ಗಂಡಸಲ್ಲ ಅನ್ನಲಿಲ್ಲ. ಆ ಚಿಟ್ಟೆಗಳೂ ಗಂಡೇ. ರೆಕ್ಕೆ ಬಡ್ಕಂಡು ಓಡಾಡ್ತಿದ್ವು."

"ಓಬಣ್ಣನ ಮಕ್ಕಳನ್ನ ನೋಡಿದೀಯಾ? ಕುರಿ ಮಂದೆ ಇದ್ದಂಗವೆ."

"ಓಬಣ್ಣ ಮೈಸೂರು ತಳಿ," ಎಂದಳು ಬನಶಂಕರಿ.

ರಾಮಕ್ಕ ಎಲೆ ಕೆಳಗಿಟ್ಟಳು. "ನೋಡ್ರಪ್ಪಾ, ಕಟ್ಕಂಡ ಗಂಡನ್ನ ಹುಳಕ್ಕೆ ಹೋಲಿಸ್ತಾಳೆ! ತಂಗಿ ಬತ್ತಾಳೆ ಅಂತ ಹೊಟ್ಟೆಕಿಚ್ಚು ಇವಳಿಗೆ. ಅವತ್ತು ಹೂಂ ಅಂದ ಬಾಯಿ ಯಾವುದೇ?"

"ಇದೇ ಬಾಯಿ ಅತ್ತೆ. ಇವಾಗ ಊಹೂಂ ಅಂತಿದೀನಿ. ಸರಸೂನ ಕೊಡಾಕಿಲ್ಲ."

"ನಿನ್ನ ಅಪ್ಪ ಒಪ್ಪಿಕಂಡವ್ನೆ. ನೀನ್ಯಾರೇ ಕೊಡೋಳು, ಬಿಡೋಳು?"

ಬನಶಂಕರಿ ಎದ್ದು, ಹಾಳೆಯನ್ನು ಎತ್ತಿ, ಬಾಗಿಲ ಪಕ್ಕ ಬೆಳಗಿನ ಬಿಸಿಲು ಬೀಳುವ ಗೋಡೆಗೆ ಗುಂಡುಸೂಜಿ ಚುಚ್ಚಿ ನೇತುಹಾಕಿದಳು. "ಹುಳ ಕಂಡಿರೋ ಊರಿನವರು ನೀವು. ನೀಲಿ ತಿರುಗಿರೋ ಮೊಟ್ಟೆ ಬೆಳಗಾಯ್ತಿದ್ದಂಗೇ ಒಡೀಬೇಕು. ಒಡೀತೂ ಅಂದ್ರೆ ನಾನೇ ಅರಿಶಿನ ಅರೆದು ಸರಸೂನ ಕರ್ಕಂಡು ಬತ್ತೀನಿ."

ಬೆಳಗ್ಗೆ ರಾಮಕ್ಕ ಎಲ್ಲರಿಗಿಂತ ಮೊದಲು ಎದ್ದಳು. ಬನಶಂಕರಿ ಹಿತ್ತಲಿನಿಂದ ನೀರು ತರುವಾಗ ಅತ್ತೆ ಗೋಡೆಯ ಮುಂದೆ ನಿಂತಿದ್ದಳು. ಮೊದಲು ದೂರದಿಂದ ನೋಡಿದಳು, ಆಮೇಲೆ ಹತ್ತಿರ ಹೋದಳು. ಬಿಸಿಲು ಮೇಲೇರಿ ಹಾಳೆಗೆ ಬಿತ್ತು. ನೀಲಿಯ ಒಳಗೆ ಕಪ್ಪು ಚುಕ್ಕೆಗಳು ಚುರುಕಾಗಿ ಹೊಳೆದವು. ಒಂದೂ ಅಲುಗಲಿಲ್ಲ. ರಾಮಕ್ಕ ಬಾಗಿ ಬಾಯಿಂದ ಉಫ್ ಎಂದು ಊದಿದಳು, ಕೂಸಿನ ಮುಖಕ್ಕೆ ಊದುವ ಹಾಗೆ. ಬೆರಳ ತುದಿಯಿಂದ ಹಾಳೆಯ ಬೆನ್ನನ್ನು ತಟ್ಟಿದಳು. ಮತ್ತೆ ತಟ್ಟಿದಳು. ಚೊಂಬಿನಿಂದ ತಣ್ಣೀರು ಕೈಗೆ ಹಾಕಿಕೊಂಡು ಎರಚಿದಳು.

ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಆಗ ತಿಳಿದಿರಬೇಕು. ಕೈ ಹಾಗೇ ನಿಂತಿತು.

"ಹಿಂಗೇ ನೋಡ್ತು," ಎಂದಳು, ಯಾರಿಗೂ ಅಲ್ಲ. "ನನ್ನ ಕೈಯಾಗೇ ಇತ್ತು. ಹಿಂಗೇ ನೋಡ್ತು."

ಅವಳು ನೆಲದ ಮೇಲೆ ಕೂತಳು. "ಅದನ್ನ ತಗದು ಒಲೆಗಾಕು. ಸರಸೂ ಮಾತು ಈ ಮನೇಲಿ ಬ್ಯಾಡ. ನಿಮ್ಮಪ್ಪನಿಗೆ ನಾನೇ ಹೇಳಿ ಕಳಿಸ್ತೀನಿ," ಎಂದಳು.

ಹಾಳೆ ಒಲೆಗೆ ಬಿದ್ದಾಗ ಮೊಟ್ಟೆಗಳು ಚಿಟಿಚಿಟಿ ಎಂದವು. ಅದೇ ಅವು ಮಾಡಿದ ಮೊದಲ ಸದ್ದು.

ಕೇಶವಯ್ಯ ಸೋಮವಾರದ ಬಸ್ಸಿಗೆ ಮಾಮೂಲಿನಂತೆ ಹೊರಟ. ಮುಂದಿನ ವಾರದಿಂದ ಸೀಸದ ನಿಲುವಂಗಿ ತೊಡತೊಡಗಿದ. "ಸೀಮಂತದ ಸೀರೆ ಉಟ್ಕಂಡವ್ನೆ ನೋಡ್ರಲಾ," ಎಂದು ಓಬಣ್ಣ ಆಸ್ಪತ್ರೆಯೆಲ್ಲ ಸಾರಿದನಂತೆ. ಎರಡು ವರ್ಷದ ಮೇಲೆ ಮಿಷನ್ನು ಕೆಟ್ಟು ಮೂಲೆಗೆ ಬಿತ್ತು. ಕೇಶವಯ್ಯ ಹಿಂದೂಪುರಕ್ಕೆ ಬಂದು ಮಗ್ಗದಲ್ಲಿ ಕಾಲು ಇಳಿಬಿಟ್ಟ. ಅವರಿಗೆ ಮಕ್ಕಳಾಗಲಿಲ್ಲ. ಮಿಷನ್ನಿನಿಂದ ಹಾಗಾಯಿತೋ, ಬೇರೆಯದರಿಂದಲೋ, ತಿಳಿಯುವ ದಾರಿಯಿರಲಿಲ್ಲ. ತಿಳಿದವರಂತೆ ಬನಶಂಕರಿ ಎಂದೂ ಮಾತಾಡಲಿಲ್ಲ. ಓಬಣ್ಣನ ಮನೆಯಲ್ಲಿ ಮೊಮ್ಮಕ್ಕಳು ಹುಟ್ಟತೊಡಗಿದ ಮೇಲೆ, ನಾಮಕರಣಕ್ಕೆ ಹೋದಾಗ, ಅವಳು ತೊಟ್ಟಿಲಿಗೆ ಬಗ್ಗಿ ಹೆಸರು ಕೇಳುವ ಮೊದಲು ಕಣ್ಣು ನೋಡುತ್ತಿದ್ದಳು.

ಸರಸ್ವತಿಯನ್ನು ಊರಿನಲ್ಲೇ ಇನ್ನೊಂದು ಮಗ್ಗದ ಮನೆಗೆ ಕೊಟ್ಟರು. ಎಂಬತ್ತೈದರಲ್ಲಿ ಚೊಚ್ಚಲ ಹೆರಿಗೆ, ಅಪ್ಪನ ಮನೆಯಲ್ಲಿ, ಬೆಳಗಿನ ಹೊತ್ತು. ಸೂಲಗಿತ್ತಿಯ ಜೊತೆ ಬನಶಂಕರಿ ಒಳಗಿದ್ದಳು. ಯಾರೂ ಕರೆಯದಿದ್ದರೂ ರಾಮಕ್ಕ ಬಂದು ಹೊಸ್ತಿಲ ಆಚೆ ನಿಂತಿದ್ದಳು.

ಕೂಸು ಹೊರಬಂತು. ಹೆಣ್ಣು. ಕಣ್ಣು ಬಿಟ್ಟಿತು, ಕರ್ರಗೆ ಎರಡೂ ಕಣ್ಣು. ಸೂರಿನ ಕಡೆ ನೋಡಿತು. ಆಮೇಲೆ ಬನಶಂಕರಿಯ ಮುಖ ನೋಡಿತು. ಅಳಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟಿದಳು. ಹೊಸ್ತಿಲ ಆಚೆ ರಾಮಕ್ಕನ ಬಳೆಗಳ ಸದ್ದು ನಿಂತುಹೋಯಿತು. ಬನಶಂಕರಿ ಬಾಗಿ ಉಫ್ ಎಂದು ಊದಿದಳು.

ಕೂಸು ಕಣ್ಣು ಮುಚ್ಚಿತು. ಮುಚ್ಚಿ, ಬಾಯಿ ತೆರೆದು, ಕಿರುಚಿತು.

"ಏನಂತೆ?" ಎಂದು ಸರಸ್ವತಿ ಕೇಳಿದಳು.

"ಹೆಣ್ಣು," ಎಂದಳು ಬನಶಂಕರಿ. ಕೈ ತೊಳೆದುಕೊಂಡು, ಸೀರೆ ಸರಿಮಾಡಿಕೊಂಡು ಕೋಠಿಗೆ ಹೊರಟಳು. ಆವತ್ತು ಹೊಸ ಹಾಳೆಗಳು ಕಣ್ಣು ಬಿಡುವ ದಿನ. ಪೋಲಮ್ಮನನ್ನು ಕಳಿಸದೆ ತಾನೇ ಒಳಗೆ ಹೋದಳು.